ಕಂಚಿನಲ್ಲಿ ಎರೆದದ್ದು ಶಿಲ್ಪವೇ, ಅಲ್ಲವೇ? ‘ಶಿಲ್ಪ’ ಎಂಬ ಪದದ ಅರ್ಥ ಮತ್ತು ಬಳಕೆಯ ಬಗ್ಗೆ

ಪಟ್ಟಿಕಾರ
ಎಲ್ಲರಿಗೂ ನಮಸ್ಕಾರ. ಒಂದು ಕಲಾಪ್ರದರ್ಶನದ ವಿವರಪಟ್ಟಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ‘ಸ್ಕಲ್ಪ್ಚರ್’ ಎಂಬ ತಲೆಬರಹದ ಕೆಳಗೆ ಐದು ಕೃತಿಗಳಿವೆ: ಕರಿಕಲ್ಲಿನಲ್ಲಿ ಕೆತ್ತಿದ ಒಂದು ತಲೆ, ಕಂಚಿನಲ್ಲಿ ಎರಕ ಹೊಯ್ದ ಕುಳಿತ ಹೆಂಗಸು, ಸುಟ್ಟ ಮಣ್ಣಿನ ಎತ್ತು, ತಂತಿಗೆ ತಗಡಿನ ತುಂಡುಗಳನ್ನು ಕಟ್ಟಿ ಚಾವಣಿಯಿಂದ ಇಳಿಬಿಟ್ಟ ಒಂದು ರಚನೆ, ಮತ್ತು ಮೂಲೆಯಲ್ಲಿ ನಿಲ್ಲಿಸಿದ ನಾಲ್ಕು ಕೊಳವೆ ದೀಪಗಳು. ನಾನು ಐದಕ್ಕೂ ‘ಶಿಲ್ಪ’ ಎಂದೇ ಬರೆದು ಕಳುಹಿಸಿದೆ. ಕರಡು ತಿದ್ದಿದವರು ಮೊದಲನೆಯದನ್ನು ಮಾತ್ರ ಉಳಿಸಿ, ಉಳಿದ ನಾಲ್ಕರ ಮೇಲೂ ಕೆಂಪು ಗೆರೆ ಎಳೆದು, ‘ಶಿಲೆಯಿಂದ ಆದದ್ದು ಮಾತ್ರ ಶಿಲ್ಪ’ ಎಂದು ಅಂಚಿನಲ್ಲಿ ಬರೆದು ಹಿಂದಿರುಗಿಸಿದ್ದಾರೆ. ಅವರು ಹಿರಿಯರು, ಅವರೊಡನೆ ವಾದಿಸುವ ಮುನ್ನ ಬಲ್ಲವರನ್ನು ಕೇಳೋಣವೆಂದು ಇಲ್ಲಿಗೆ ಬಂದಿದ್ದೇನೆ. ಅವರ ಮಾತು ಸರಿಯೇ?

ಉಳಿಸುತ್ತಿಗೆ
ಸರಿಯೇ ಇದೆ. ಶಿಲೆ, ಶಿಲ್ಪ ಎಂಬ ನಂಟು ಕಿವಿಗೇ ಕೇಳಿಸುವಾಗ ನಿಘಂಟು ಏಕೆ ಬೇಕು? ಲೋಹದ್ದನ್ನು ವಿಗ್ರಹ ಎನ್ನಿ, ಮಣ್ಣಿನದನ್ನು ಗೊಂಬೆ ಎನ್ನಿ, ದೀಪವನ್ನು ದೀಪವೆಂದೇ ಕರೆಯಿರಿ.

ಧಾತುಪಾಠ
ಕಿವಿಗೆ ಕೇಳಿಸುವ ನಂಟುಗಳೆಲ್ಲ ರಕ್ತಸಂಬಂಧಗಳಾಗಿರುವುದಿಲ್ಲ, ಉಳಿಸುತ್ತಿಗೆಯವರೇ. ‘ಶಿಲ್ಪ’ ಎಂಬ ಪದವು ಕಲ್ಲಿನ ಸಹವಾಸಕ್ಕೆ ಬರುವ ಎಷ್ಟೋ ಮೊದಲೇ ವೇದವಾಙ್ಮಯದಲ್ಲಿ ಓಡಾಡಿಕೊಂಡಿತ್ತು. ಐತರೇಯ ಬ್ರಾಹ್ಮಣವೆಂಬ ವೈದಿಕ ಗ್ರಂಥವು ಶಿಲ್ಪಕ್ಕೆ ಉದಾಹರಣೆಗಳಾಗಿ ಕೊಡುವ ಪಟ್ಟಿಯನ್ನು ನೋಡಿ: ಆನೆ, ಕಂಚಿನ ಪಾತ್ರೆ, ಬಟ್ಟೆ, ಚಿನ್ನ, ಹೇಸರಗತ್ತೆ ಕಟ್ಟಿದ ರಥ. ಇದರಲ್ಲಿ ಕಲ್ಲು ಎಲ್ಲಿದೆ? ಕೌಷೀತಕಿ ಬ್ರಾಹ್ಮಣವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಶಿಲ್ಪವು ಮೂರು ಬಗೆಯದು, ಅವು ನೃತ್ಯ, ಗೀತ, ವಾದ್ಯ ಎನ್ನುತ್ತದೆ. ಅಲ್ಲಂತೂ ಕೈಯಲ್ಲಿ ಹಿಡಿಯಬಹುದಾದ ವಸ್ತುವೇ ಇಲ್ಲ.

ಪಾಣಿನಿಯ ವ್ಯಾಕರಣದಲ್ಲಿ ‘ಶಿಲ್ಪಮ್’ ಎಂದೇ ಒಂದು ಸೂತ್ರವಿದೆ. ಒಬ್ಬನಿಗೆ ಯಾವುದು ಶಿಲ್ಪವೋ ಅದರಿಂದ ಅವನಿಗೆ ಹೆಸರು ಬರುವ ಬಗೆಯನ್ನು ಅದು ಹೇಳುತ್ತದೆ, ಮತ್ತು ವ್ಯಾಖ್ಯಾನಕಾರರು ಅದಕ್ಕೆ ಕೊಡುವ ಉದಾಹರಣೆ ‘ಮಾರ್ದಂಗಿಕ’, ಎಂದರೆ ಮೃದಂಗ ನುಡಿಸುವುದೇ ಶಿಲ್ಪವಾಗಿ ಉಳ್ಳವನು. ಪಾಲಿ ಭಾಷೆಯಲ್ಲಿ ಇದೇ ಪದ ‘ಸಿಪ್ಪ’ ಆಗಿದೆ. ಬೌದ್ಧ ಸೂತ್ರಗಳು ಸಿಪ್ಪವುಳ್ಳವರನ್ನು ಹೆಸರಿಸುವಾಗ ಆನೆ ಏರುವವರು, ಬಿಲ್ಲುಗಾರರು, ಅಡುಗೆಯವರು, ಕ್ಷೌರಿಕರು, ಕುಂಬಾರರು ಎಲ್ಲರೂ ಬರುತ್ತಾರೆ. ಹೀಗೆ ಶಿಲ್ಪವೆಂದರೆ ಮೊದಲಿಗೆ ಪಳಗಿದ ಕೈಯ ಕುಶಲತೆ. ಅದು ಯಾವ ವಸ್ತುವಿನ ಮೇಲೆ ನಡೆಯಿತು ಎಂಬುದು ಅನಂತರದ ಮಾತು.

ಉಳಿಸುತ್ತಿಗೆ
ಇದೆಲ್ಲ ಒಪ್ಪಿದೆ, ಆದರೆ ‘ಪ್ರವೀಣ’ ಎಂಬುದು ಮೊದಲಿಗೆ ಚೆನ್ನಾಗಿ ವೀಣೆ ನುಡಿಸುವವನಿಗೆ ಸಲ್ಲುತ್ತಿದ್ದ ಮಾತು ಎಂದು ನಮ್ಮ ಮೇಷ್ಟರುಗಳೇ ಹೇಳಿಕೊಟ್ಟಿದ್ದಾರೆ. ಹಾಗೆಂದು ಇಂದು ಗಣಿತದಲ್ಲಿ ಪ್ರವೀಣನಾದವನ ಕೈಗೆ ಯಾರೂ ವೀಣೆ ಕೊಡುವುದಿಲ್ಲ. ಪಟ್ಟಿಯನ್ನು ಓದುವವರು ಇಂದಿನವರು. ‘ಶಿಲ್ಪ’ ಎಂದೊಡನೆ ಅವರ ಕಣ್ಣ ಮುಂದೆ ನಿಲ್ಲುವುದು ಕಲ್ಲೇ ಹೊರತು ಹೇಸರಗತ್ತೆಯ ರಥವಲ್ಲ.

ಓದುಗ_ಒಬ್ಬ
ಇಂದಿನ ಬಳಕೆಯೇ ಬೇಕೆಂದರೆ ಇಂದಿನದನ್ನೇ ನೋಡೋಣ. ‘ಲೋಹಶಿಲ್ಪ’, ‘ಕಾಷ್ಠಶಿಲ್ಪ’, ‘ದಂತಶಿಲ್ಪ’ ಎಂಬ ಮಾತುಗಳನ್ನು ಕನ್ನಡ ಓದುವವರೆಲ್ಲರೂ ಬಲ್ಲರು. ಇವುಗಳ ಸಾಲಿನಲ್ಲೇ ‘ಶಿಲಾಶಿಲ್ಪ’ ಎಂಬುದೂ ಇದೆ. ಶಿಲ್ಪವೆಲ್ಲವೂ ಶಿಲೆಯದೇ ಆಗಿದ್ದರೆ, ‘ಶಿಲಾಶಿಲ್ಪ’ ಎಂದು ಕಲ್ಲನ್ನು ಬೇರೆಯಾಗಿ ಹೇಳಬೇಕಾದ ಪ್ರಮೇಯವೇ ಬರುತ್ತಿರಲಿಲ್ಲ.

ಪಟ್ಟಿಕಾರ
ಓದುಗರೇ, ಇದು ನನಗೆ ಹೊಳೆದಿರಲಿಲ್ಲ, ಧನ್ಯವಾದಗಳು. ಈಗಷ್ಟೇ ಕರಡನ್ನು ಮತ್ತೆ ತೆರೆದು ನೋಡಿದೆ. ಮುನ್ನುಡಿಯ ಪುಟದಲ್ಲಿ ಮರದಿಂದ ಕಟ್ಟಿದ ಒಂದು ಕಟ್ಟಡದ ‘ವಾಸ್ತುಶಿಲ್ಪ’ವನ್ನು ಹೊಗಳಿದ ಒಂದು ಸಾಲಿದೆ. ಅಲ್ಲಿ ಕೆಂಪು ಗೆರೆ ಬಿದ್ದಿಲ್ಲ.

ನಿಷ್ಠುರವಾದಿ
ಬೀಳದಿರುವುದು ಸಹಜ. ಸಮಾಸದೊಳಗೆ ಹೋದ ಪದವನ್ನು ತಿದ್ದುವವರು ನೋಡುವುದೇ ಇಲ್ಲ. ಅಂಬೇಡ್ಕರ್ ಅವರನ್ನು ಸಂವಿಧಾನಶಿಲ್ಪಿ ಎನ್ನುತ್ತೇವೆ, ಕಾದಂಬರಿಯ ಶಿಲ್ಪ ಸಡಿಲವಾಗಿದೆ ಎಂದು ವಿಮರ್ಶೆ ಬರೆಯುತ್ತೇವೆ. ಇಲ್ಲೆಲ್ಲ ಕಲ್ಲು ಎಲ್ಲಿಂದ ಬಂತು?

ಧಾತುಪಾಠ
ಅದೇ ನಾನು ಹೇಳಹೊರಟದ್ದು. ಹಳೆಯ ಅಗಲವಾದ ಅರ್ಥ ಸತ್ತಿಲ್ಲ, ಅದು ಸಮಾಸಗಳ ಒಳಗೆ ಸೇರಿಕೊಂಡು ಬದುಕಿದೆ. ಬಿಡಿಯಾಗಿ ನಿಂತಾಗ ಮಾತ್ರ ‘ಶಿಲ್ಪ’ವು ಕಣ್ಣಿಗೆ ಕಾಣುವ, ಮೂರು ಆಯಾಮಗಳುಳ್ಳ ಕಲಾಕೃತಿಗೆ ಸೀಮಿತವಾಗಿದೆ. ಅಲ್ಲಿಯೂ ಅದು ವಸ್ತುವಿಗೆ ಸೀಮಿತವಾಗಿಲ್ಲ ಎಂಬುದಕ್ಕೆ ಓದುಗರು ಕೊಟ್ಟ ಸಾಕ್ಷಿಯೇ ಸಾಕು.

ಲ್ಯಾಟಿನ್_ಗೀಳು
ಎಲ್ಲರೂ ಕನ್ನಡದ ಪದವನ್ನೇ ಬೋನಿನಲ್ಲಿ ನಿಲ್ಲಿಸಿದ್ದೀರಿ, ಇಂಗ್ಲಿಷಿನದನ್ನು ಒಮ್ಮೆ ವಿಚಾರಿಸಬಾರದೇ? ‘ಸ್ಕಲ್ಪ್ಚರ್’ ಬಂದಿರುವುದು ಕೆತ್ತು ಎಂಬರ್ಥದ ‘ಸ್ಕಲ್ಪೆರೆ’ ಎಂಬ ಲ್ಯಾಟಿನ್ ಕ್ರಿಯಾಪದದಿಂದ. ತಿದ್ದಿದವರ ವಾದವು ನಿಜವಾಗಿ ಹೊಂದುವುದು ಆ ಪದಕ್ಕೇ ಹೊರತು ನಮ್ಮದಕ್ಕಲ್ಲ. ಮೊದಲನೆಯ ಶತಮಾನದ ರೋಮನ್ ಲೇಖಕ ಪ್ಲಿನಿಯು ಕಲೆಗಳನ್ನು ಕುರಿತು ಬರೆಯುವಾಗ ಕಂಚಿನ ಪ್ರತಿಮೆಯ ಕೆಲಸಕ್ಕೆ ಒಂದು ಹೆಸರನ್ನೂ, ಮಣ್ಣು ಮೆತ್ತಿ ರೂಪ ಕೊಡುವ ಕೆಲಸಕ್ಕೆ ಇನ್ನೊಂದನ್ನೂ, ಕೆತ್ತುವ ಕೆಲಸಕ್ಕೆ ಮತ್ತೊಂದನ್ನೂ ಬಳಸುತ್ತಾನೆ. ಮಣ್ಣಿನ ಕೆಲಸವೇ ಉಳಿದೆಲ್ಲವುಗಳ ತಾಯಿ ಎಂದು ಪಾಸಿಟೆಲೀಸ್ ಎಂಬ ಕಲಾವಿದ ಹೇಳುತ್ತಿದ್ದುದನ್ನೂ ಅವನು ದಾಖಲಿಸಿದ್ದಾನೆ. ಆದ್ದರಿಂದ ಆ ಎತ್ತನ್ನು ‘ಗೊಂಬೆ’ ಎಂದು ಪಕ್ಕಕ್ಕೆ ಸರಿಸುವುದು ತಾಯಿಯನ್ನೇ ಜಗಲಿಯಲ್ಲಿ ಕೂರಿಸಿದಂತೆ.

ಮೈಕೆಲೆಂಜಲೊ ಕೂಡ ಈ ವಿಷಯದಲ್ಲಿ ಬಿಗಿಯಾಗಿಯೇ ಇದ್ದ. 1547ರಲ್ಲಿ ಬೆನೆಡೆಟ್ಟೊ ವಾರ್ಕಿ ಎಂಬ ವಿದ್ವಾಂಸನಿಗೆ ಬರೆದ ಪತ್ರದಲ್ಲಿ, ತೆಗೆಯುತ್ತಾ ಹೋಗಿ ಮಾಡುವುದನ್ನು ತಾನು ಸ್ಕಲ್ಪ್ಚರ್ ಎಂದು ತಿಳಿಯುವುದಾಗಿಯೂ, ಸೇರಿಸುತ್ತಾ ಹೋಗಿ ಮಾಡುವುದು ಚಿತ್ರಕಲೆಗೆ ಹತ್ತಿರವಾದುದೆಂದೂ ಹೇಳಿದ್ದಾನೆ. ಆ ಲೆಕ್ಕದಲ್ಲಿ ಕಂಚು, ಮಣ್ಣು ಎರಡೂ ಹೊರಗೆ. ಇಂಗ್ಲಿಷಿನಲ್ಲಂತೂ ಆ ಪದ ಇನ್ನೂ ಕಿರಿದಾದ ಅರ್ಥದಲ್ಲಿ ಬಳಕೆಯಾದದ್ದುಂಟು: 1662ರಲ್ಲಿ ಜಾನ್ ಎವೆಲಿನ್ ಪ್ರಕಟಿಸಿದ ‘ಸ್ಕಲ್ಪ್ಚುರಾ’ ಎಂಬ ಪುಸ್ತಕದ ವಸ್ತುವು ತಾಮ್ರದ ತಗಡಿನ ಮೇಲೆ ಗೀರಿ ಕಾಗದದ ಮೇಲೆ ಅಚ್ಚೊತ್ತುವ ಚಿತ್ರಗಳು.

ಹೀಗಾಗಿ ನನಗೆ ತೋರುವುದು ಇಷ್ಟು: ಅವರ ಪದ ಉಳಿಯ ಮೊನೆಯಷ್ಟು ಕಿರಿದಾಗಿ ಹುಟ್ಟಿ ಹಿಗ್ಗುತ್ತಾ ಬಂತು, ನಮ್ಮದು ಕುಣಿತ ಹಾಡುಗಳನ್ನೂ ಒಳಗೊಂಡು ಹುಟ್ಟಿ ಕುಗ್ಗುತ್ತಾ ಬಂತು. ಎರಡೂ ದಾರಿಯಲ್ಲಿ ಎದುರಾದ ಜಾಗದಲ್ಲಿ ನಿಂತು ನಾವು ಒಂದನ್ನು ಇನ್ನೊಂದರ ಅನುವಾದ ಎನ್ನುತ್ತಿದ್ದೇವೆ.

ಮೇಣದಚ್ಚು
ನಾನು ಎರಕದ ಕೆಲಸ ಮಾಡುವವನು, ಆದ್ದರಿಂದ ಈ ತೆಗೆಯುವ ಮತ್ತು ಸೇರಿಸುವ ಮಾತಿಗೆ ಸ್ವಲ್ಪ ತಕರಾರಿದೆ.

ಮೊದಲು ಮೇಣದಲ್ಲಿ ರೂಪ ತಿದ್ದಿಕೊಳ್ಳುತ್ತೇವೆ. ಅದರ ಮೈಗೆ ಮೇಣದ ಕಡ್ಡಿಗಳನ್ನು ಅಂಟಿಸುತ್ತೇವೆ. ಕೆಲವು ಲೋಹ ಇಳಿಯುವುದಕ್ಕೆ, ಕೆಲವು ಒಳಗಿನ ಗಾಳಿ ಹೊರಹೋಗುವುದಕ್ಕೆ. ನುಣುಪಾದ ಮಣ್ಣನ್ನು ತೆಳುವಾಗಿ ಬಳಿದು, ಒಣಗಿದ ಮೇಲೆ ಒರಟು ಮಣ್ಣನ್ನು ದಪ್ಪನಾಗಿ ಮೆತ್ತಿ, ಕಾಯಿಸಿ ಮೇಣವನ್ನು ಹರಿಯಬಿಟ್ಟು, ಉಳಿದ ಪೊಳ್ಳಿನೊಳಗೆ ಕರಗಿದ ಲೋಹವನ್ನು ಹೊಯ್ಯುತ್ತೇವೆ. ಮೇಣವು ನೀರಿಗಿಂತ ತುಸು ಹಗುರ, ಕಂಚು ನೀರಿಗಿಂತ ಎಂಟು ಒಂಬತ್ತು ಪಟ್ಟು ಭಾರ. ಹಾಗಾಗಿ ಮೇಣವನ್ನು ಮೊದಲೇ ತೂಗಿಟ್ಟುಕೊಂಡರೆ ಎಷ್ಟು ಲೋಹ ಕರಗಿಸಬೇಕೆಂಬುದು ತಿಳಿಯುತ್ತದೆ. ಹನ್ನೆರಡನೆಯ ಶತಮಾನದ ಮಾನಸೋಲ್ಲಾಸ ಎಂಬ ಸಂಸ್ಕೃತ ಗ್ರಂಥದಲ್ಲಿಯೂ ಮೇಣ ಕರಗಿಸಿ ಎರಕ ಹೊಯ್ಯುವ ಈ ವಿಧಾನದ ವರ್ಣನೆ ಇದೆ.

ತಣಿದ ಮೇಲೆ ಮಣ್ಣನ್ನು ಒಡೆದಾಗ ಕಾಣುವುದು ನಿಮ್ಮ ಪಟ್ಟಿಯ ಚಿತ್ರದಲ್ಲಿರುವ ಹೊಳೆಯುವ ಹೆಂಗಸಲ್ಲ. ಕಪ್ಪು ಹಿಡಿದ, ಮೈತುಂಬ ಮುಳ್ಳಿನಂತೆ ಲೋಹದ ಕಡ್ಡಿಗಳು ನಿಂತ ಒಂದು ಆಕಾರ ಅದು. ಆ ಕಡ್ಡಿಗಳನ್ನು ಗರಗಸದಿಂದ ಕೊಯ್ದು, ಅರದಿಂದ ಉಜ್ಜಿ, ಮಸುಕಾದ ರೆಪ್ಪೆಯನ್ನೂ ಬೆರಳ ಸಂದುಗಳನ್ನೂ ಸಣ್ಣ ಉಳಿಯಿಂದ ಒಂದೊಂದಾಗಿ ಬಿಡಿಸಬೇಕು. ಇದಕ್ಕೆ ಎಷ್ಟೋ ಬಾರಿ ಎರಕಕ್ಕಿಂತ ಹೆಚ್ಚು ದಿನ ಹಿಡಿಯುತ್ತದೆ. ಸೇರಿಸುವುದು, ತೆಗೆಯುವುದು, ಹೊಯ್ಯುವುದು, ಮತ್ತೆ ಕೆತ್ತುವುದು, ಎಲ್ಲವೂ ಒಂದೇ ಕೃತಿಯಲ್ಲಿವೆ. ಇದನ್ನು ಶಿಲ್ಪವಲ್ಲ ಎನ್ನುವವರು ಒಂದು ದಿನ ಬಂದು ಅರ ಹಿಡಿದು ನೋಡಲಿ.

ಉಳಿಸುತ್ತಿಗೆ
ಮೇಣದಚ್ಚು ಅವರೇ, ಕಲ್ಲಿನ ಕೆಲಸ ಬಲ್ಲವನಾಗಿ ನಿಮ್ಮ ಅರಕ್ಕೆ ನನ್ನ ನಮಸ್ಕಾರ. ಕಂಚಿನ ಹೆಂಗಸನ್ನು ಬಿಟ್ಟುಕೊಡುತ್ತೇನೆ. ತಾಯಿಯನ್ನು ಜಗಲಿಯಲ್ಲಿ ಕೂರಿಸಿದ ಅಪವಾದ ಬೇಡವಾದ್ದರಿಂದ ಎತ್ತನ್ನೂ ಬಿಟ್ಟೆ. ತಂತಿ ಮತ್ತು ದೀಪಗಳ ವಿಷಯದಲ್ಲಿ ಮಾತ್ರ ಒಪ್ಪುವುದಿಲ್ಲ.

ನಿಷ್ಠುರವಾದಿ
ಕಲ್ಲಿನದಾದರೂ ಕೆತ್ತಿದವರು ಯಾರು ಎಂದು ಕೇಳಬಾರದೇ? ಫ್ರೆಂಚ್ ಶಿಲ್ಪಿ ರೊಡ್ಯಾನ ಅಮೃತಶಿಲೆಯ ಕೃತಿಗಳನ್ನು ಉಳಿ ಹಿಡಿದು ಕೆತ್ತಿದವರು ಬಹುಮಟ್ಟಿಗೆ ಅವನ ಸಹಾಯಕರು. ಅವನ ಸ್ವಂತ ಕೈ ಓಡಿದ್ದು ಮಣ್ಣಿನಲ್ಲಿ. ಕೆತ್ತನೆಯೇ ಶಿಲ್ಪದ ಲಕ್ಷಣವೆಂದರೆ ಶಿಲ್ಪಿಯ ಹೆಸರನ್ನೇ ಬದಲಾಯಿಸಬೇಕಾಗುತ್ತದೆ.

ಕಾನೂನುಪುಟ
ತಂತಿ, ತಗಡು, ದೀಪಗಳ ಪ್ರಶ್ನೆಯನ್ನು ನ್ಯಾಯಾಲಯಗಳು ನಿಮಗಿಂತ ಮೊದಲೇ ಎದುರಿಸಿವೆ, ಮತ್ತು ಅಲ್ಲಿ ಒಂದು ಪದದ ಅರ್ಥಕ್ಕೆ ತೆರಿಗೆಯ ಬೆಲೆ ಇತ್ತು.

1926ರಲ್ಲಿ ಶಿಲ್ಪಿ ಬ್ರಾಂಕುಸಿಯ ‘ಅಂತರಿಕ್ಷದಲ್ಲಿ ಹಕ್ಕಿ’ ಎಂಬ ಕಂಚಿನ ಕೃತಿಯು ನ್ಯೂಯಾರ್ಕ್ ಬಂದರಿಗೆ ಬಂತು. ರೆಕ್ಕೆಯಿಲ್ಲ, ಕೊಕ್ಕಿಲ್ಲ, ನೀಳವಾಗಿ ಮೇಲೆದ್ದ ಒಂದು ಹೊಳಪು ಮಾತ್ರ. ಕಲಾಕೃತಿಗೆ ಸುಂಕವಿರಲಿಲ್ಲ, ಆದರೆ ಸುಂಕದ ಅಧಿಕಾರಿಗಳು ಅದನ್ನು ಅಡುಗೆಮನೆ ಮತ್ತು ಆಸ್ಪತ್ರೆಯ ಉಪಕರಣಗಳ ವರ್ಗಕ್ಕೆ ಸೇರಿಸಿ ಶೇಕಡ 40ರಷ್ಟು ಸುಂಕ ಹೇರಿದರು. ಅವರ ಬೆನ್ನಿಗೆ ಒಂದು ಹಳೆಯ ತೀರ್ಪೂ ಇತ್ತು: 1916ರ ಒಲಿವೊಟ್ಟಿ ಪ್ರಕರಣದಲ್ಲಿ ಅಮೆರಿಕದ ನ್ಯಾಯಾಲಯವು, ಸ್ಕಲ್ಪ್ಚರ್ ಎಂದರೆ ಪ್ರಕೃತಿಯಲ್ಲಿರುವ ವಸ್ತುಗಳನ್ನು, ಮುಖ್ಯವಾಗಿ ಮನುಷ್ಯಾಕೃತಿಯನ್ನು, ಅವುಗಳ ನಿಜವಾದ ಪ್ರಮಾಣದಲ್ಲಿ ಅನುಕರಿಸುವ ಕಲೆ ಎಂದು ಹೇಳಿತ್ತು. ಎರಡು ವರ್ಷಗಳ ವ್ಯಾಜ್ಯದ ಬಳಿಕ, 1928ರ ನವೆಂಬರಿನಲ್ಲಿ, ಇದನ್ನು ಹಕ್ಕಿಯೆಂದು ಗುರುತಿಸುವುದು ಕಷ್ಟವಾದರೂ ನೋಡಲು ಹಿತವಾಗಿದೆ, ಇದು ವೃತ್ತಿನಿರತ ಶಿಲ್ಪಿಯೊಬ್ಬನ ಸ್ವಂತ ಸೃಷ್ಟಿ, ಆದ್ದರಿಂದ ಸುಂಕವಿಲ್ಲ ಎಂದು ನ್ಯಾಯಾಧೀಶರು ತೀರ್ಪಿತ್ತರು. ಅನುಕರಣೆ ಎಂಬ ಲಕ್ಷಣ ಅಂದಿಗೆ ಬಿದ್ದುಹೋಯಿತು.

ದೀಪಗಳ ಕಥೆ ಉಲ್ಟಾ ಆಯಿತು. ಡ್ಯಾನ್ ಫ್ಲೇವಿನ್ ಎಂಬ ಕಲಾವಿದನ ಕೊಳವೆ ದೀಪದ ಕೃತಿಯನ್ನು ಬ್ರಿಟನ್ನಿನ ನ್ಯಾಯಮಂಡಳಿ 2008ರಲ್ಲಿ ಸ್ಕಲ್ಪ್ಚರ್ ಎಂದೇ ಒಪ್ಪಿ ಶೇಕಡ 5ರ ಕಡಿಮೆ ತೆರಿಗೆಗೆ ಅರ್ಹವೆಂದಿತ್ತು. 2010ರಲ್ಲಿ ಯುರೋಪಿಯನ್ ಆಯೋಗವು ಅದನ್ನು ತಳ್ಳಿಹಾಕಿ, ಇದು ಗೋಡೆಗೆ ಹಾಕುವ ದೀಪದ ಸಾಧನ, ಕಲೆಯೆನ್ನಬಹುದಾದದ್ದು ಅದರಿಂದ ಬರುವ ಬೆಳಕಿನ ಪರಿಣಾಮವೇ ಹೊರತು ಸಾಧನವಲ್ಲ ಎಂದು ವರ್ಗೀಕರಿಸಿತು. ನಿಮ್ಮನ್ನು ತಿದ್ದಿದವರು ಇದನ್ನು ಓದಿದರೆ ಸಂತೋಷಪಡುತ್ತಾರೆ.

ಓದುಗ_ಒಬ್ಬ
ಸಾಧನಕ್ಕೆ ಸುಂಕ, ಬೆಳಕಿಗೆ ಸುಂಕವಿಲ್ಲ ಎಂದಂತಾಯಿತು.

ಕಾನೂನುಪುಟ
ಇನ್ನೊಂದನ್ನು ಹೇಳಿ ನಿಲ್ಲಿಸುತ್ತೇನೆ, ಏಕೆಂದರೆ ಇದು ಬಳಕೆಯ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ‘ಸ್ಟಾರ್ ವಾರ್ಸ್’ ಚಿತ್ರದ ಸೈನಿಕರ ಬಿಳಿಯ ಶಿರಸ್ತ್ರಾಣವು ಸ್ಕಲ್ಪ್ಚರ್ ಹೌದೇ ಅಲ್ಲವೇ ಎಂಬ ವ್ಯಾಜ್ಯ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಹೌದೆಂದಾದರೆ ಹಕ್ಕುಸ್ವಾಮ್ಯವು ಕರ್ತೃವಿನ ಜೀವಿತಕಾಲ ಮತ್ತು ಅನಂತರದ 70 ವರ್ಷ ಉಳಿಯುತ್ತದೆ, ಅಲ್ಲವೆಂದಾದರೆ ವಿನ್ಯಾಸಕ್ಕೆ ಸಿಗುವ ಕಿರಿಯ ಅವಧಿ ಮಾತ್ರ. 2011ರಲ್ಲಿ, ಅದು ಚಿತ್ರ ತೆಗೆಯುವ ಕೆಲಸದಲ್ಲಿ ಉಪಯೋಗಕ್ಕೆಂದು ಮಾಡಿದ ವಸ್ತು, ಸ್ಕಲ್ಪ್ಚರ್ ಅಲ್ಲ ಎಂಬ ತೀರ್ಪು ಬಂತು. ಕೆಳಗಿನ ನ್ಯಾಯಾಲಯದ ನ್ಯಾಯಾಧೀಶರು ಕೊಟ್ಟ ಉದಾಹರಣೆ ನನಗೆ ಬಹಳ ಹಿಡಿಸಿತು: ಕಲಾಮಂದಿರದಲ್ಲಿ ಎರಡು ವಾರ ಪ್ರದರ್ಶನಕ್ಕಿಟ್ಟ ಇಟ್ಟಿಗೆಯ ರಾಶಿ ಸ್ಕಲ್ಪ್ಚರ್ ಆಗಬಲ್ಲದು, ಅಂಥದೇ ರಾಶಿಯನ್ನು ಕಟ್ಟಡದ ಕೆಲಸಕ್ಕೆಂದು ಮನೆಯ ಮುಂದೆ ಎರಡು ವಾರ ಸುರಿದಿದ್ದರೆ ಅದು ಆಗಲಾರದು.

ಈ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. ಕಾರ್ಲ್ ಆಂಡ್ರೆ ಎಂಬ ಕಲಾವಿದನು ಕುಲುಮೆಗೆ ಬಳಸುವಂಥ 120 ಇಟ್ಟಿಗೆಗಳನ್ನು ಆಯತಾಕಾರವಾಗಿ ಜೋಡಿಸಿದ ಕೃತಿಯನ್ನು ಲಂಡನ್ನಿನ ಟೇಟ್ ಸಂಗ್ರಹಾಲಯ 1972ರಲ್ಲಿ ಕೊಂಡಿತ್ತು. 1976ರಲ್ಲಿ ಪತ್ರಿಕೆಗಳು ಅದನ್ನು ಹಿಡಿದು ದೊಡ್ಡ ಗದ್ದಲವನ್ನೇ ಎಬ್ಬಿಸಿದವು.

ಉಳಿಸುತ್ತಿಗೆ
ಅಂದರೆ ಎಲ್ಲಿ ಇಟ್ಟಿದ್ದಾರೆ ಎಂಬುದೇ ಅರ್ಥವನ್ನು ತೀರ್ಮಾನಿಸುವುದೇ? ಹಾಗಾದರೆ ನಿಘಂಟು ಮುಚ್ಚಿಟ್ಟು ಕಲಾಮಂದಿರದ ಕಾವಲುಗಾರನನ್ನೇ ಕೇಳಬಹುದು.

ಧಾತುಪಾಠ
ನಗಬೇಡಿ, ಪಾಣಿನಿಯೇ ಹಾಗೆ ಮಾಡಿದ್ದಾನೆ. ಪ್ರತಿಕೃತಿಯನ್ನು ಸೂಚಿಸಲು ಹೆಸರಿಗೆ ‘ಕ’ ಸೇರುತ್ತದೆ, ಆದರೆ ಜೀವನೋಪಾಯಕ್ಕಾಗಿ ಇದ್ದೂ ಮಾರಾಟಕ್ಕೆ ಇಲ್ಲದ ಮೂರ್ತಿಯಾದರೆ ಆ ‘ಕ’ ಬಿದ್ದುಹೋಗುತ್ತದೆ ಎಂಬುದು ಅವನ ಸೂತ್ರ. ಪೂಜೆಗೊಳ್ಳುವ ಮೂರ್ತಿ ‘ಶಿವ’, ಅಂಗಡಿಯಲ್ಲಿ ಮಾರುವ ಮೂರ್ತಿ ‘ಶಿವಕ’. ಎರಡನ್ನೂ ಒಂದೇ ಕೈ ಒಂದೇ ದಿನ ಮಾಡಿರಬಹುದು. ಎಲ್ಲಿದೆ, ಏತಕ್ಕಿದೆ ಎಂಬುದರ ಮೇಲೆ ವ್ಯಾಕರಣವೇ ಬದಲಾಗುತ್ತದೆ.

ಚಿಪ್ಪುಸಂಗ್ರಹ
ಒಂದು ಬಳಕೆಯನ್ನು ಯಾರೂ ಹೇಳಲಿಲ್ಲ. ಶಂಖ ಮತ್ತು ಚಿಪ್ಪುಗಳ ವರ್ಗೀಕರಣದಲ್ಲಿ ಮೇಲ್ಮೈಯ ಏಣು, ಗೀರು, ಗಂಟುಗಳ ವಿನ್ಯಾಸಕ್ಕೆ ಇಂಗ್ಲಿಷಿನಲ್ಲಿ ‘ಸ್ಕಲ್ಪ್ಚರ್’ ಎಂದೇ ಹೆಸರು. ಸುರುಳಿಯ ಜೊತೆಗೆ ಸಾಗುವ ಏಣು ಒಂದು ಬಗೆ, ಸುರುಳಿಗೆ ಅಡ್ಡಲಾಗಿ ಬರುವುದು ಇನ್ನೊಂದು ಬಗೆ. ಪರಾಗಕಣದ ಹೊರಕವಚದ ಮುಳ್ಳು, ಜಾಲರಿ, ಕುಳಿಗಳಿಗೂ ಅದೇ ಪದವನ್ನು ಬಳಸುತ್ತಾರೆ, ಮತ್ತು ಅವುಗಳ ಮೂಲಕವೇ ಗಿಡವನ್ನು ಗುರುತಿಸುತ್ತಾರೆ. ಇಲ್ಲಿ ಕೆತ್ತಿದವರೇ ಇಲ್ಲ. ಇದನ್ನು ಕನ್ನಡದಲ್ಲಿ ‘ಶಿಲ್ಪ’ ಎಂದರೆ ಓದುವವರು ಗಾಬರಿಯಾಗುತ್ತಾರೆ. ನಾನು ‘ಮೇಲ್ಮೈಯ ಉಬ್ಬುತಗ್ಗು’ ಎಂದು ಬರೆಯುತ್ತೇನೆ.

ನಿಷ್ಠುರವಾದಿ
ಸರಿಯಾಗಿಯೇ ಬರೆಯುತ್ತೀರಿ. ಎಷ್ಟೇ ಅಗಲವಾದರೂ ಕೈಯ ಕುಶಲತೆಯಿಲ್ಲದ ಕಡೆ ‘ಶಿಲ್ಪ’ ನಿಲ್ಲುವುದಿಲ್ಲ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ.

ಹಳಗನ್ನಡದ_ಹುಳು
ಶಿಲ್ಪ, ವಿಗ್ರಹ ಎಂದು ಹಂಚುವ ಮೊದಲು ಆ ಪದಗಳ ಗುಣವನ್ನೂ ನೋಡಬೇಕು. ‘ಮೂರ್ತಿ’ಗೆ ಹೆಪ್ಪುಗಟ್ಟು, ಗಟ್ಟಿಯಾಗು ಎಂಬ ಮೂಲಾರ್ಥವಿದೆ, ಹಾಗಾಗಿ ನನ್ನ ಕಣ್ಣಿಗೆ ಅದು ಎರಕಕ್ಕೇ ಚೆನ್ನಾಗಿ ಒಪ್ಪುತ್ತದೆ. ‘ಪ್ರತಿಮೆ’ಯಲ್ಲಿ ಅಳತೆಯಿದೆ, ಒಂದಕ್ಕೆ ಎದುರಾಗಿ ಅಳೆದು ಮಾಡಿದ್ದು ಎಂಬ ಭಾವವಿದೆ. ಆದ್ದರಿಂದಲೇ ಯಾರನ್ನೂ ಹೋಲದ ತಂತಿಯ ರಚನೆಗೆ ಅದು ಸಲ್ಲದು. ‘ವಿಗ್ರಹ’ಕ್ಕೆ ದೇಹ ಎಂಬ ಅರ್ಥವಿರುವಂತೆಯೇ ಯುದ್ಧ ಎಂಬ ಅರ್ಥವೂ, ಸಮಾಸವನ್ನು ಬಿಡಿಸಿ ಹೇಳುವ ವಾಕ್ಯ ಎಂಬ ಅರ್ಥವೂ ಇದೆ, ಜೊತೆಗೆ ಇಂದಿನ ಕನ್ನಡದಲ್ಲಿ ಅದು ಪೂಜೆಯನ್ನು ಬಿಟ್ಟು ಬರುವುದಿಲ್ಲ. ಕುಳಿತ ಹೆಂಗಸನ್ನು ವಿಗ್ರಹ ಎಂದರೆ ಓದುಗ ಯಾವ ದೇವತೆ ಎಂದು ಹುಡುಕುತ್ತಾನೆ.

ಅಚ್ಚರಿಯ ಮಾತೆಂದರೆ, ಶಿಲ್ಪಶಾಸ್ತ್ರದ ಗ್ರಂಥಗಳಲ್ಲಿ ಸುತ್ತಲೂ ಪೂರ್ಣವಾಗಿ ರೂಪಿಸಿದ ಮೂರ್ತಿಗೆ ‘ಚಿತ್ರ’ ಎಂದು ಹೆಸರು. ಹಿನ್ನೆಲೆಗೆ ಅಂಟಿಕೊಂಡ ಉಬ್ಬುಶಿಲ್ಪ ‘ಅರ್ಧಚಿತ್ರ’. ನಾವು ಇಂದು ಚಿತ್ರ ಎನ್ನುವ, ಗೋಡೆಯ ಮೇಲೋ ಬಟ್ಟೆಯ ಮೇಲೋ ಬಣ್ಣದಲ್ಲಿ ಬರೆದದ್ದು ‘ಚಿತ್ರಾಭಾಸ’, ಎಂದರೆ ಚಿತ್ರದಂತೆ ತೋರುವುದು ಮಾತ್ರ.

ಶಾಸನಗಳಲ್ಲಿ ಶಿಲ್ಪಿಯನ್ನು ‘ರೂವಾರಿ’ ಎನ್ನುತ್ತಾರೆ. ರೂಪವನ್ನು ಮಾಡುವವನು ಎಂಬುದು ಅದರ ಅರ್ಥ, ಕಲ್ಲಿನ ಸುಳಿವಿಲ್ಲ. ಅಕ್ಷರವನ್ನೋ ರೂಪವನ್ನೋ ಕೆತ್ತುವುದಕ್ಕೆ ‘ಕಂಡರಿಸು’ ಎಂಬ ಬೇರೆ ಕ್ರಿಯಾಪದವೇ ಇತ್ತು. ಇಂದು ಪತ್ರಿಕೆಗಳಲ್ಲಿ ‘ಯೋಜನೆಯ ರೂವಾರಿ’ ಎಂದು ಓದುವವರಲ್ಲಿ ಎಷ್ಟು ಜನರಿಗೆ ಅದು ಉಳಿ ಹಿಡಿದವನ ಹೆಸರೆಂಬುದು ಗೊತ್ತಿರುತ್ತದೆಯೋ!

ಲ್ಯಾಟಿನ್_ಗೀಳು
ಚಿತ್ರಾಭಾಸದ ಮಾತನ್ನು ಕೇಳಿದ್ದರೆ ಮೈಕೆಲೆಂಜಲೊ ತಲೆದೂಗುತ್ತಿದ್ದ.

ಮೇಣದಚ್ಚು
ಪಟ್ಟಿಕಾರರೇ, ಹೆಸರು ಏನೇ ಇಡಿ, ಕ್ರಿಯಾಪದವನ್ನು ಮಾತ್ರ ಕೆಡಿಸಬೇಡಿ. ‘ಕಂಚಿನಲ್ಲಿ ಕೆತ್ತಿದ’ ಎಂದು ಎಷ್ಟೋ ಪಟ್ಟಿಗಳಲ್ಲಿ ಓದಿದ್ದೇನೆ. ಅದನ್ನು ಓದಿದಾಗಲೆಲ್ಲ ನನ್ನ ಕುಲುಮೆ ಆರಿದಂತಾಗುತ್ತದೆ.

ಪಟ್ಟಿಕಾರ
ಎಲ್ಲರಿಗೂ ಋಣಿಯಾಗಿದ್ದೇನೆ. ನಿನ್ನೆ ಹಿರಿಯರೊಡನೆ ಕುಳಿತು ಮಾತನಾಡಿದೆ. ‘ಶಿಲಾಶಿಲ್ಪ’ದ ವಾದವನ್ನು ಮುಂದಿಟ್ಟಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಳಿಕ ಮುನ್ನುಡಿಯ ‘ವಾಸ್ತುಶಿಲ್ಪ’ವನ್ನು ತಾವಾಗಿಯೇ ಹುಡುಕಿ ನಕ್ಕರು. ಕೊನೆಗೆ ತಲೆಬರಹವು ‘ಶಿಲ್ಪಗಳು’ ಎಂದೇ ಉಳಿಯಿತು, ಒಂದೊಂದು ಕೃತಿಯ ಕೆಳಗೆ ಅದನ್ನು ಮಾಡಿದ ಬಗೆ ಹೀಗೆ ಬಂದಿದೆ: ಕರಿಕಲ್ಲಿನಲ್ಲಿ ಕೆತ್ತಿದ್ದು, ಕಂಚಿನಲ್ಲಿ ಎರೆದದ್ದು, ಮಣ್ಣಿನಲ್ಲಿ ತಿದ್ದಿ ಸುಟ್ಟದ್ದು, ತಂತಿ ಮತ್ತು ತಗಡಿನಿಂದ ಕಟ್ಟಿದ್ದು. ಐದನೆಯದಕ್ಕೆ ಅವರೂ ನಾನೂ ಒಂದು ಗಂಟೆ ಕಳೆದೆವು. ‘ಜೋಡಿಸಿದ್ದು’ ಎಂದರೆ ಅಂಗಡಿಯ ಕೆಲಸದಂತೆ ಕೇಳಿಸುತ್ತದೆ ಎಂದು ಅವರು, ‘ಬೆಳಗಿಸಿದ್ದು’ ಎಂದರೆ ಉದ್ಘಾಟನೆಯಂತೆ ಕೇಳಿಸುತ್ತದೆ ಎಂದು ನಾನು. ಸದ್ಯಕ್ಕೆ ‘ನಾಲ್ಕು ಕೊಳವೆ ದೀಪಗಳು, ಬೆಳಕು’ ಎಂದು ಕ್ರಿಯಾಪದವಿಲ್ಲದೆಯೇ ಬಿಟ್ಟಿದ್ದೇವೆ.

ಉಳಿಸುತ್ತಿಗೆ
ರಾತ್ರಿ ಬಾಗಿಲು ಹಾಕುವಾಗ ಕಾವಲುಗಾರ ಗುಂಡಿ ಒತ್ತಿ ಆರಿಸುತ್ತಾನಲ್ಲ, ಆಮೇಲೆ ಅಲ್ಲಿರುವುದು ಏನು?

ಕಾನೂನುಪುಟ
ಗೋಡೆಗೆ ಹಾಕುವ ದೀಪದ ಸಾಧನ. ಪೂರ್ತಿ ತೆರಿಗೆ.